ಸುಡುವುದಕ್ಕೆ ಒಂದು ನಿಮಿಷ, ಹುಡುಕುವುದಕ್ಕೆ ಒಂದು ಗಂಟೆ: ಕ್ಯಾಥೆಟರ್ ಅಬ್ಲೇಷನ್ ಕುರಿತು

ಹೃದಯದ ತಾಳ ತಪ್ಪಿಸುವ ಜಾಗವನ್ನು ರಕ್ತನಾಳದ ಮೂಲಕ ಏರಿಸಿದ ತೆಳು ಕೊಳವೆಯಿಂದ ಸುಡುವ ಚಿಕಿತ್ಸೆಯೇ ಕ್ಯಾಥೆಟರ್ ಅಬ್ಲೇಷನ್. ಅದರಲ್ಲಿ ಹೃದಯದೊಳಗೆ ಒಂದು ಸಲಕ್ಕೆ ಸುಡುವ ಜಾಗ ಐದಾರು ಮಿಲಿಮೀಟರ್ ಅಗಲದ್ದು. ಅಷ್ಟನ್ನು ಸುಡಲು ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಸಾಕು. ಮಿಕ್ಕ ಹೊತ್ತೆಲ್ಲ ಹೋಗುವುದು ಆ ಜಾಗ ಯಾವುದೆಂದು ಪತ್ತೆ ಹಚ್ಚುವುದಕ್ಕೆ. ಹೊರಗೆ ಬೆಂಚಿನ ಮೇಲೆ ಕೂತ ಮನೆಯವರು "ಆಂಜಿಯೋಪ್ಲಾಸ್ಟಿ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಂತೆ, ಇದಕ್ಕೇನು ಮೂರು ಗಂಟೆ?" ಎಂದು ಗಾಬರಿಯಾಗುವುದು ಇದೇ ಕಾರಣಕ್ಕೆ. ಒಳಗೆ ಏನೋ ಎಡವಟ್ಟಾಗಿದೆ ಎಂದಲ್ಲ, ಬಹುತೇಕ ಸಲ ಇನ್ನೂ ಹುಡುಕಾಟವೇ ನಡೆದಿರುತ್ತದೆ.

ಗೊಂದಲದ ಮೂಲ ಇನ್ನೊಂದಿದೆ. ಅದೇ ಬೆಂಚಿನ ಒಂದು ತುದಿಯಲ್ಲಿ 28 ವರ್ಷದ ಹೆಣ್ಣುಮಗಳ ಕಡೆಯವರು, ಇನ್ನೊಂದು ತುದಿಯಲ್ಲಿ 64 ವರ್ಷದ ಮಧುಮೇಹಿಯ ಕಡೆಯವರು ಕೂತಿದ್ದಾರೆ ಎಂದುಕೊಳ್ಳಿ. ಆಕೆಗೆ ಎವಿಎನ್‌ಆರ್‌ಟಿ, ಅಂದರೆ ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ವಿದ್ಯುತ್ ದಾಟಿಸುವ ಎವಿ ನೋಡ್‌ನಲ್ಲೇ ವಿದ್ಯುತ್ ಗಿರಕಿ ಹೊಡೆಯುವ ಕಾಯಿಲೆ. ಆತನಿಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಮೇಲಿನ ಕೋಣೆಗಳು ತಾಳವಿಲ್ಲದೆ ಅಡ್ಡಾದಿಡ್ಡಿ ಕಂಪಿಸುವ ಕಾಯಿಲೆ. ಇಬ್ಬರ ಕೇಸ್ ಶೀಟಿನಲ್ಲೂ ಬರೆದಿರುವುದು ಅಬ್ಲೇಷನ್ ಎಂದೇ. ಆಕೆ ಒಂದೇ ಸಲಕ್ಕೆ ಪೂರ್ತಿ ಗುಣವಾಗಿ ಮಾತ್ರೆ ಬಿಡುವ ಸಾಧ್ಯತೆ ನೂರಕ್ಕೆ 95ಕ್ಕೂ ಹೆಚ್ಚು. ಆತನ ವಿಷಯದಲ್ಲಿ "ಗುಣ" ಎಂಬ ಮಾತನ್ನೇ ಅಳೆದು ಸುರಿದು ಆಡಬೇಕು. ಅಪಾಯ ಬೇರೆ, ಅರಿವಳಿಕೆ ಬೇರೆ, ಖರ್ಚು ಬೇರೆ, ಮಾತ್ರೆ ನಿಲ್ಲಿಸುವ ನಿಯಮ ಒಂದಕ್ಕೊಂದು ತದ್ವಿರುದ್ಧ. ಹಾಗಾಗಿ ಮಾಡಿಸಬೇಕೇ ಬೇಡವೇ ಎಂದು ನಾಲ್ಕು ಜನರನ್ನು ಕೇಳುವ ಮೊದಲು ತಿಳಿಯಬೇಕಾದ್ದು ಒಂದೇ: ತಪ್ಪಿರುವ ತಾಳ ಯಾವುದು, ಅದು ಇಸಿಜಿಯಲ್ಲಿ ಸಿಕ್ಕಿದೆಯೇ?

ಸಿಗುವುದು ಅಷ್ಟು ಸುಲಭವಲ್ಲ. ಎಸ್‌ವಿಟಿ ಎಂದು ಒಟ್ಟಾಗಿ ಕರೆಯುವ, ಹೃದಯದ ಮೇಲ್ಭಾಗದಿಂದ ಏಳುವ ಅತಿವೇಗದ ತಾಳಗಳು (ಎವಿಎನ್‌ಆರ್‌ಟಿ ಅವುಗಳಲ್ಲೊಂದು) ವರ್ಷಗಟ್ಟಲೆ ಕೈಗೆ ಸಿಗದೆ ಓಡಾಡುತ್ತವೆ. ಎದೆ ಡವಡವ ಎಂದು ಶುರುವಾಗಿ, ಆಟೋ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾನಾಗಿ ನಿಂತಿರುತ್ತದೆ. ಇಸಿಜಿ ನಾರ್ಮಲ್, ಎಕೋ ನಾರ್ಮಲ್, ಥೈರಾಯ್ಡೂ ನಾರ್ಮಲ್. ಗ್ಯಾಸು ಎನ್ನುತ್ತಾರೆ, ಟೆನ್ಶನ್ ಎನ್ನುತ್ತಾರೆ, ಹೆಂಗಸಾದರೆ ಇನ್ನೂ ಬೇಗ ಎನ್ನುತ್ತಾರೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಸ್‌ವಿಟಿ ಖಚಿತವಾಗಿದ್ದ 107 ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ಜನರ ಲಕ್ಷಣಗಳು ಪ್ಯಾನಿಕ್ ಡಿಸಾರ್ಡರ್ ಎಂಬ ಗಾಬರಿಯ ಕಾಯಿಲೆಯ ಪಟ್ಟಿಗೆ ಸರಿಯಾಗಿ ಹೊಂದುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮೊದಲ ತಪಾಸಣೆಯಲ್ಲಿ ಕಾಯಿಲೆ ಪತ್ತೆಯೇ ಆಗಿರಲಿಲ್ಲ.

ಗಾಬರಿಯ ಬಡಿತಕ್ಕೂ ಇದಕ್ಕೂ ವ್ಯತ್ಯಾಸ ಕೇಳಿದರೆ ತಿಳಿಯುತ್ತದೆ, ಕೇಳುವ ವ್ಯವಧಾನ ಬೇಕಷ್ಟೆ. ಭಯಕ್ಕೆ ಹೃದಯ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಎಸ್‌ವಿಟಿ ಸ್ವಿಚ್ ಒತ್ತಿದ ಹಾಗೆ ಬರುತ್ತದೆ: ನೆಲದ ಮೇಲೆ ಬಿದ್ದ ಪೆನ್ನು ಎತ್ತಲು ಬಗ್ಗಿದ್ದೇ ತಡ, ನಿಮಿಷಕ್ಕೆ 180. ಕತ್ತಿನಲ್ಲಿ ಏನೋ ಪುಟಿಯುವ ಅನುಭವ ಎವಿಎನ್‌ಆರ್‌ಟಿಯ ದೊಡ್ಡ ಸುಳಿವು. ಆ ತಾಳದಲ್ಲಿ ಮೇಲಿನ ಹೃತ್ಕರ್ಣ ಮತ್ತು ಕೆಳಗಿನ ಹೃತ್ಕುಕ್ಷಿ ಹೆಚ್ಚುಕಡಿಮೆ ಒಟ್ಟಿಗೇ ಹಿಂಡುತ್ತವೆ. ನಡುವಿನ ಕವಾಟ ಮುಚ್ಚಿರುವುದರಿಂದ ಹೃತ್ಕರ್ಣದ ರಕ್ತ ಕತ್ತಿನ ಅಭಿಧಮನಿಗಳತ್ತ ಹಿಂದಕ್ಕೆ ಒದೆಯುತ್ತದೆ. ಬಡಿತ ನಿಂತ ಮೇಲೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದೂ ಒಂದು ಸುಳಿವು, ಹಿಗ್ಗಿದ ಹೃತ್ಕರ್ಣ ಬಿಡುಗಡೆ ಮಾಡುವ ಹಾರ್ಮೋನಿನ ಕೆಲಸ ಅದು. ಸ್ವಿಚ್ಚಿನಂತೆ ಬಂದು ಹೋಗುವುದು, ಕತ್ತಿನ ಪುಟಿತ, ಆಮೇಲಿನ ಮೂತ್ರ, ಈ ಮೂರನ್ನೂ ಹೇಳುವ ರೋಗಿಗೆ ನಿದ್ದೆ ಮಾತ್ರೆ ಬರೆದು ಕಳಿಸುವುದು ಸೋಮಾರಿತನ.

ದಾಖಲಿಸುವುದು ಹೇಗೆ? ಎರಡು ತಿಂಗಳಿಗೊಮ್ಮೆ ಬರುವ ಬಡಿತಕ್ಕೆ 24 ಗಂಟೆ ಇಸಿಜಿ ಬರೆಯುವ ಹೋಲ್ಟರ್ ಯಂತ್ರ ಕಟ್ಟಿದರೆ ದುಡ್ಡು ದಂಡ. ವಾರಗಟ್ಟಲೆ ಇಟ್ಟುಕೊಳ್ಳುವ ಈವೆಂಟ್ ರೆಕಾರ್ಡರ್ ಅಥವಾ ಇಸಿಜಿ ತೆಗೆಯುವ ಸ್ಮಾರ್ಟ್ ವಾಚ್ ಅದಕ್ಕಿಂತ ಉಪಯೋಗಕ್ಕೆ ಬರುತ್ತವೆ. ವಾಚಿನದು ಒಂದೇ ಲೀಡ್‌ನ ಪಟ್ಟಿ, ತಾಳದ ಹೆಸರನ್ನು ಅದು ಸದಾ ಸರಿಯಾಗಿ ಹೇಳುವುದಿಲ್ಲ. ಆದರೂ ಬಡಿತ ಕ್ರಮಬದ್ಧವೇ, ಎಷ್ಟು ವೇಗ, ಹೇಗೆ ನಿಂತಿತು ಎಂಬುದನ್ನು ತಜ್ಞರು ಅದರಲ್ಲೇ ಓದಬಲ್ಲರು. ಎಲ್ಲಕ್ಕಿಂತ ಒಳ್ಳೆಯದು ಬಡಿತ ನಡೆಯುತ್ತಿರುವಾಗಲೇ ತೆಗೆಸಿದ 12 ಲೀಡ್‌ನ ಇಸಿಜಿ. ಅದಕ್ಕೆ ಬೆಂಗಳೂರಿಗೇ ಬರಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವುದು ಹೃದಯಾಘಾತ ಬೇಗ ಗುರುತಿಸುವುದಕ್ಕಾದರೂ ಅಲ್ಲಿನ ಇಸಿಜಿ ಯಂತ್ರ ಎಸ್‌ವಿಟಿಯನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಆ ಕಾಗದವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಇಸಿಜಿಯ ಶಾಖಕ್ಕೆ ಕಪ್ಪಾಗುವ ಕಾಗದ ಫೈಲಿನಲ್ಲಿದ್ದು ಇದ್ದು ಅಳಿಸಿಹೋಗುತ್ತದೆ.

ಬಡಿತ ನಿಲ್ಲಿಸಲು ಉಸಿರು ಬಿಗಿಹಿಡಿದು ಮುಕ್ಕುವುದು, ತಣ್ಣೀರಿಗೆ ಮುಖ ಒಡ್ಡುವುದು ಮುಂತಾದವನ್ನು ಎಲ್ಲರೂ ಹೇಳುತ್ತಾರೆ, ಕ್ರಮವಾಗಿ ಮಾಡಿಸುವವರು ಕಡಿಮೆ. ಇಂಗ್ಲೆಂಡಿನ ರಿವರ್ಟ್ ಅಧ್ಯಯನ 2015ರಲ್ಲಿ ತೋರಿಸಿದ ವಿಧಾನ ಹೀಗಿದೆ: ಅರೆ ಒರಗಿ ಕೂತು 10 ಮಿ.ಲೀ. ಸಿರಿಂಜಿನ ಬಾಯಿಗೆ ಊದಬೇಕು, ಒಳಗಿನ ಪಿಸ್ಟನ್ ಅಲುಗುವಷ್ಟು ಜೋರಾಗಿ, 15 ಸೆಕೆಂಡ್. ಮುಗಿದ ತಕ್ಷಣ ಇನ್ನೊಬ್ಬರು ರೋಗಿಯನ್ನು ಚಪ್ಪಟೆ ಮಲಗಿಸಿ ಎರಡೂ ಕಾಲನ್ನು 45 ಡಿಗ್ರಿಗೆ ಎತ್ತಿ 15 ಸೆಕೆಂಡ್ ಹಿಡಿಯಬೇಕು. ಬರಿದೇ ಕೂತು ಮುಕ್ಕಿದವರಲ್ಲಿ ನೂರಕ್ಕೆ 17 ಮಂದಿಗೆ ತಾಳ ಸರಿಹೋದರೆ, ಹೀಗೆ ಮಲಗಿಸಿ ಕಾಲೆತ್ತಿದವರಲ್ಲಿ 43 ಮಂದಿಗೆ ಸರಿಹೋಯಿತು. ಖರ್ಚು ಒಂದು ಸಿರಿಂಜ್.

ಇದಕ್ಕೂ ನಿಲ್ಲದಿದ್ದರೆ ಅಡೆನೋಸಿನ್ ಇಂಜೆಕ್ಷನ್: ಮೊದಲು 6 ಮಿಲಿಗ್ರಾಂ, ಸಾಲದಿದ್ದರೆ 12. ರಕ್ತದಲ್ಲಿ ಅದರ ಆಯುಸ್ಸು ಕೆಲವೇ ಸೆಕೆಂಡ್. ಮುಂಗೈಯ ಸಣ್ಣ ನಾಳದಲ್ಲಿ ನಿಧಾನಕ್ಕೆ ಕೊಟ್ಟರೆ ಹೃದಯ ಮುಟ್ಟುವ ಮೊದಲೇ ಮುಗಿದಿರುತ್ತದೆ. ಮೊಣಕೈ ಮಡಿಕೆಯ ದೊಡ್ಡ ನಾಳದಲ್ಲಿ ಒಂದೇ ಬೀಸಿಗೆ ತಳ್ಳಿ, ಹಿಂದೆಯೇ 20 ಮಿ.ಲೀ. ಸಲೈನ್ ತಳ್ಳಬೇಕು. ಆಗಷ್ಟೇ ಗಟ್ಟಿ ಫಿಲ್ಟರ್ ಕಾಫಿ ಕುಡಿದು ಬಂದವರಿಗೆ ಈ ಮದ್ದು ಸರಿಯಾಗಿ ನಾಟದು. ಮದ್ದು ಹೋಗಿ ಕೂರಬೇಕಾದ ಗ್ರಾಹಕಗಳನ್ನೇ (ರಿಸೆಪ್ಟರ್) ಕೆಫೀನ್ ಅಡ್ಡಗಟ್ಟುತ್ತದೆ. ಉಬ್ಬಸಕ್ಕೆ ಡೆರಿಫಿಲಿನ್ ನುಂಗುವವರಲ್ಲೂ ಇದೇ ಕಥೆ, ಮೇಲಾಗಿ ಉಬ್ಬಸವಿದ್ದವರಿಗೆ ಅಡೆನೋಸಿನ್ ಉಸಿರು ಕಟ್ಟಿಸಬಹುದು. ಇಂಜೆಕ್ಷನ್ ಕೊಡುವಾಗ ಇಸಿಜಿ ಯಂತ್ರ ಓಡುತ್ತಲೇ ಇರಲಿ. ತಾಳ ಮುರಿಯುವ ಆ ನಾಲ್ಕು ಸೆಕೆಂಡಿನ ಪಟ್ಟಿ ಮುಂದೆ ಅಬ್ಲೇಷನ್ ಮಾಡುವವರಿಗೆ ಹತ್ತು ಎಕೋ ವರದಿಗಿಂತ ಹೆಚ್ಚು ಹೇಳುತ್ತದೆ. ನಮ್ಮ ಕ್ಯಾಶುವಾಲಿಟಿಗಳಲ್ಲಿ ಹೆಚ್ಚಾಗಿ ಕಳೆದುಹೋಗುವುದು ಇದೇ ಪಟ್ಟಿ.

ಈಗ ಅಬ್ಲೇಷನ್ ಮಾಡುವ ಲ್ಯಾಬಿನ ಒಳಗೆ. ಎಸ್‌ವಿಟಿಗೆ ರೋಗಿ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾರೆ, ತೊಡೆಸಂದಿಗೆ ಮರಗಟ್ಟಿಸುವ ಲಿಗ್ನೋಕೇನ್ ಮಾತ್ರ. ಪೂರ್ತಿ ಮಂಪರು ತರಿಸಿದರೆ ತಾಳವೇ ಏಳದಿರಬಹುದು, ಏಳದಿದ್ದರೆ ಹುಡುಕುವುದೇನನ್ನು? ಮೆಟೊಪ್ರೊಲಾಲ್, ವೆರಪಮಿಲ್‌ನಂಥ ಮಾತ್ರೆಗಳನ್ನು ಎರಡು ಮೂರು ದಿನ ಮೊದಲೇ ನಿಲ್ಲಿಸಲು ವೈದ್ಯರು ಹೇಳುವುದೂ ಇದಕ್ಕೇ. ಬಲತೊಡೆಯ ಅಭಿಧಮನಿಯಲ್ಲಿ ಶೀತ್ ಎಂಬ ಗಿಡ್ಡ ಕೊಳವೆಗಳನ್ನು ಕೂರಿಸಿ, ಅವುಗಳ ಮೂಲಕ ತುದಿಯಲ್ಲಿ ಲೋಹದ ಬಳೆಗಳಿರುವ ತೆಳು ಕ್ಯಾಥೆಟರ್‌ಗಳನ್ನು ಹೃದಯಕ್ಕೆ ಏರಿಸುತ್ತಾರೆ. ಒಂದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ, ಒಂದು ವಿದ್ಯುತ್ತನ್ನು ಮೇಲಿಂದ ಕೆಳಗೆ ಒಯ್ಯುವ ಹಿಸ್ ಕಟ್ಟಿನ ಬಳಿ, ಒಂದು ಬಲ ಹೃತ್ಕುಕ್ಷಿಯ ತುದಿಯಲ್ಲಿ, ಇನ್ನೊಂದು ಹೃದಯದ ಹಿಂಬದಿಯಲ್ಲಿ ಹಾದುಹೋಗುವ ಕರೋನರಿ ಸೈನಸ್‌ನಲ್ಲಿ. ಹೊರಗಿನ ಇಸಿಜಿ ಇಡೀ ಹೃದಯದ ಮೊತ್ತವನ್ನು ತೋರಿಸುತ್ತದೆ. ಈ ಕ್ಯಾಥೆಟರ್‌ಗಳು ವಿದ್ಯುತ್ ಯಾವ ಮೂಲೆಗೆ ಎಷ್ಟು ಮಿಲಿಸೆಕೆಂಡಿಗೆ ತಲುಪಿತು ಎಂಬುದನ್ನು ತೋರಿಸುತ್ತವೆ.

ಆಮೇಲೆ ಬೇಕೆಂದೇ ಬಡಿತ ಎಬ್ಬಿಸುತ್ತಾರೆ. ಎಂಟು ಕ್ರಮಬದ್ಧ ಪ್ರಚೋದನೆ, ಒಂಬತ್ತನೆಯದು ಸ್ವಲ್ಪ ಮುಂಚೆ; ಮತ್ತೆ ಎಂಟು, ಒಂಬತ್ತನೆಯದು ಇನ್ನೂ 10 ಮಿಲಿಸೆಕೆಂಡ್ ಮುಂಚೆ. ಹೀಗೆ ಇಳಿಸುತ್ತ ಹೋದಾಗ ಹೃತ್ಕರ್ಣದಿಂದ ಹಿಸ್ ಕಟ್ಟಿಗೆ ತಲುಪುವ ಅಂತರ ಒಂದೇ ಏಟಿಗೆ 50 ಮಿಲಿಸೆಕೆಂಡ್ ಅಥವಾ ಹೆಚ್ಚು ಜಿಗಿದರೆ ಎವಿ ನೋಡ್‌ಗೆ ಎರಡು ದಾರಿ ಇವೆ ಎಂದರ್ಥ. ವೇಗದ ದಾರಿ ಕೈಕೊಟ್ಟಿತು, ವಿದ್ಯುತ್ ನಿಧಾನದ ದಾರಿ ಹಿಡಿಯಿತು. ನಿಧಾನದ ದಾರಿಯಲ್ಲಿ ಇಳಿದು, ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ ವೇಗದ ದಾರಿಯಲ್ಲಿ ಹಿಂದಕ್ಕೆ ಏರಿತೋ, ಗಾಣದ ಎತ್ತಿನಂತೆ ಅದೇ ಸುತ್ತಿನಲ್ಲಿ ತಿರುಗತೊಡಗುತ್ತದೆ. ಪ್ರತಿ ಸುತ್ತಿಗೆ ಒಂದು ಬಡಿತ. ರೋಗಿಯನ್ನು ಆಗ ಕೇಳುತ್ತಾರೆ: "ಮನೆಯಲ್ಲಿ ಬರ್ತಿದ್ದದ್ದು ಇದೇನಾ?" ಹೌದು ಎಂಬ ಉತ್ತರಕ್ಕೆ ಪರದೆಯ ಮೇಲಿನ ಗೆರೆಗಳಷ್ಟೇ ತೂಕವಿದೆ. ಏಳದಿದ್ದರೆ ಐಸೋಪ್ರಿನಾಲಿನ್ ಡ್ರಿಪ್ ಹಾಕಿ, ಓಡಿದಾಗಿನ ಸ್ಥಿತಿ ತರಿಸಿ ಮತ್ತೆ ಪ್ರಯತ್ನಿಸುತ್ತಾರೆ.

ಸುಡಬೇಕಾದ್ದು ನಿಧಾನದ ದಾರಿ. ಕಾಕ್ ತ್ರಿಕೋನ ಎಂಬ ಪುಟ್ಟ ಪ್ರದೇಶದ ಕೆಳಭಾಗದಲ್ಲಿ, ಕರೋನರಿ ಸೈನಸ್‌ನ ಬಾಯಿಗೂ ತ್ರಿದಳ ಕವಾಟಕ್ಕೂ ನಡುವೆ ಅದಿದೆ. ಅದೇ ತ್ರಿಕೋನದ ಮೇಲ್ತುದಿಯಲ್ಲಿ, ಒಂದೆರಡು ಸೆಂಟಿಮೀಟರ್ ಆಚೆ, ಹಿಸ್ ಕಟ್ಟು. ಅದು ಸುಟ್ಟರೆ ಮೇಲಿಂದ ಕೆಳಗೆ ವಿದ್ಯುತ್ ಹರಿಯದೆ ಜೀವನಪೂರ್ತಿ ಪೇಸ್‌ಮೇಕರ್. ಹಾಗಾಗಿ ಕೆಳಗಿನಿಂದ ಶುರುಮಾಡುತ್ತಾರೆ, ಬೇಕಾದಷ್ಟೇ ಮೇಲೇರುತ್ತಾರೆ. ಪೆಡಲ್ ಒತ್ತಿ ಐದು ಹತ್ತು ಸೆಕೆಂಡಿನಲ್ಲಿ ಪರದೆಯ ಮೇಲೆ ಜಂಕ್ಷನಲ್ ಬಡಿತಗಳು (ಎವಿ ನೋಡ್‌ನ ಕಡೆಯಿಂದಲೇ ಏಳುವ ಬಡಿತಗಳು) ಒಂದೊಂದಾಗಿ ಕಾಣಿಸಿದರೆ ಜಾಗ ಸರಿಯಿದೆ. ಆಗ ಲ್ಯಾಬಿನಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರ ಕಣ್ಣೂ ಒಂದೇ ಕಡೆ: ಪ್ರತಿ ಜಂಕ್ಷನಲ್ ಬಡಿತದ ಜೊತೆ ಹೃತ್ಕರ್ಣದ ಗೆರೆಯೂ ಬರುತ್ತಿದೆಯೇ? ಒಂದು ಬಡಿತಕ್ಕೆ ಆ ಗೆರೆ ತಪ್ಪಿದರೂ, ಜಂಕ್ಷನಲ್ ಬಡಿತಗಳು ಏಕಾಏಕಿ ದಡದಡನೆ ಓಡಿದರೂ "ಆಫ್" ಎಂಬ ಕೂಗಿನ ಜೊತೆಗೇ ಕಾಲು ಪೆಡಲ್‌ನಿಂದ ಮೇಲೇಳಬೇಕು. ಎರಡು ಸೆಕೆಂಡ್ ತಡವಾದರೆ ತಾತ್ಕಾಲಿಕ ಬ್ಲಾಕ್ (ವಿದ್ಯುತ್ ತಡೆ) ಶಾಶ್ವತವಾದೀತು. ಅನುಭವಿ ಕೈಗಳಲ್ಲಿ ಈ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ಚಿಕ್ಕ ಮಕ್ಕಳಲ್ಲಿ ತ್ರಿಕೋನವೇ ಚಿಕ್ಕದಾದ್ದರಿಂದ ಹಲವು ವೈದ್ಯರು ಸುಡುವ ಬದಲು ತಣ್ಣಗಾಗಿಸಿ ಹೆಪ್ಪುಗಟ್ಟಿಸುವ ಕ್ರಯೋ ಆರಿಸುತ್ತಾರೆ: ಮೊದಲು ಮೈನಸ್ 30 ಡಿಗ್ರಿಯಷ್ಟು ತಣ್ಣಗೆ ಮಾಡಿ ನೋಡಿ, ಬ್ಲಾಕ್ ಕಂಡರೆ ಬಿಟ್ಟುಬಿಡಬಹುದು, ಅಂಗಾಂಶ ಚೇತರಿಸಿಕೊಳ್ಳುತ್ತದೆ. ಆ ಸುರಕ್ಷತೆಗೆ ಕೊಡುವ ಬೆಲೆ, ತಾಳ ಮರುಕಳಿಸುವ ಸಾಧ್ಯತೆ ಮಾಮೂಲಿಯಾಗಿ ಸುಡುವ ರೇಡಿಯೋಫ್ರೀಕ್ವೆನ್ಸಿ ವಿಧಾನಕ್ಕಿಂತ ತುಸು ಹೆಚ್ಚು.

ಸುಡುವುದು ಎಂದರೆ ಕ್ಯಾಥೆಟರ್ ಕಾದು ಕೆಂಪಾಗುತ್ತದೆ ಎಂದುಕೊಳ್ಳುವವರಿದ್ದಾರೆ. ಹರಿಯುವುದು ಸುಮಾರು 500 ಕಿಲೋಹರ್ಟ್ಜ್‌ನ ಪರ್ಯಾಯ ವಿದ್ಯುತ್. ತುದಿಗೆ ಒತ್ತಿಕೊಂಡ ಒಂದೆರಡು ಮಿಲಿಮೀಟರ್ ಅಂಗಾಂಶ ತನ್ನದೇ ಪ್ರತಿರೋಧದಿಂದ ಬಿಸಿಯಾಗುತ್ತದೆ, ಅಲ್ಲಿಂದ ಶಾಖ ಆಳಕ್ಕೆ ಇಳಿಯುತ್ತದೆ. 50 ಡಿಗ್ರಿ ದಾಟಿದ ಜೀವಕೋಶ ಮತ್ತೆ ಏಳುವುದಿಲ್ಲ. 100 ಡಿಗ್ರಿ ಮುಟ್ಟಿದರೆ ಒಳಗಿನ ನೀರು ಆವಿಯಾಗಿ ಫಟ್ ಎಂದು ಸಿಡಿಯುತ್ತದೆ, ಗೋಡೆ ತೆಳುವಿದ್ದಲ್ಲಿ ಹರಿಯಲೂಬಹುದು. ತುದಿಯಲ್ಲೇ ರಕ್ತ ಕರಕಲಾಗಿ ಅಂಟಿಕೊಂಡರೆ ವಿದ್ಯುತ್ ಒಳಹೋಗುವುದಿಲ್ಲ, ಅಂಟಿದ್ದು ಕಳಚಿ ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ಎಡಭಾಗದಲ್ಲಿ ಬಳಸುವ ಕ್ಯಾಥೆಟರ್‌ಗಳ ತುದಿಯಿಂದ ತಣ್ಣನೆಯ ಸಲೈನ್ ಹರಿಯುತ್ತಿರುತ್ತದೆ. ತುದಿ ಗೋಡೆಗೆ ಎಷ್ಟು ಗ್ರಾಂ ಬಲದಿಂದ ಒತ್ತಿದೆ ಎಂದು ಅಳೆಯುವ ವ್ಯವಸ್ಥೆಯೂ ಇದೆ. 10ರಿಂದ 20 ಗ್ರಾಂ ಹಿತ. 5ಕ್ಕೆ ಇಳಿದರೆ ಸುಟ್ಟಂತೆ ಕಂಡು ಸುಟ್ಟಿರುವುದಿಲ್ಲ.

ಈ ವಿದ್ಯೆಗೆ ಎಡೆಮಾಡಿದ್ದು ಒಂದು ಅವಘಡ. 1970ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ, ಹೃದಯದೊಳಗೆ ಕ್ಯಾಥೆಟರ್ ಇದ್ದಾಗಲೇ ರೋಗಿಗೆ ಹೊರಗಿನಿಂದ ಶಾಕ್ ಕೊಡಬೇಕಾಗಿ ಬಂತು. ವಿದ್ಯುತ್ ಆ ತಂತಿಯ ಮೂಲಕ ಹರಿದು ಹಿಸ್ ಕಟ್ಟನ್ನೇ ಕೆಡಿಸಿತು. ಅದನ್ನು ಬೇಕೆಂದೇ ಮಾಡಬಹುದಲ್ಲ ಎಂದು ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್ 1981ರಲ್ಲಿ ಮೊದಲ ರೋಗಿಗೆ ಮಾಡಿದರು. ಆಗ ಕೊಡುತ್ತಿದ್ದದ್ದು ನೂರಾರು ಜೌಲ್‌ನ ಡಿಸಿ ಶಾಕ್, ಹೃದಯದೊಳಗೆ ಒಂದು ಸಣ್ಣ ಸ್ಫೋಟವೇ ಸರಿ. ಅಳೆದು ಕೊಡಬಹುದಾದ ರೇಡಿಯೋಫ್ರೀಕ್ವೆನ್ಸಿ ಬಂದು, 1991ರ ಹೊತ್ತಿಗೆ ಡಬ್ಲ್ಯುಪಿಡಬ್ಲ್ಯು ಎಂಬ ಹುಟ್ಟಿನಿಂದ ಬರುವ ಕಾಯಿಲೆಗೆ ಎದೆ ಸೀಳುವ ಶಸ್ತ್ರಚಿಕಿತ್ಸೆಯ ಕಾಲ ಮುಗಿಯಿತು.

ಡಬ್ಲ್ಯುಪಿಡಬ್ಲ್ಯುನಲ್ಲಿ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ಹುಟ್ಟಿನಿಂದಲೇ ಒಂದು ಹೆಚ್ಚುವರಿ ಎಳೆ ಉಳಿದಿರುತ್ತದೆ. ಸರಿಯಾದ ಜಾಗಕ್ಕೆ ಶಕ್ತಿ ಬಿದ್ದರೆ ಎರಡು ಮೂರು ಸೆಕೆಂಡಿನಲ್ಲಿ ಇಸಿಜಿಯಲ್ಲಿ ಆ ಎಳೆಯ ಗುರುತಾದ ಡೆಲ್ಟಾ ಅಲೆ ಮಾಯ. ಲ್ಯಾಬಿನಲ್ಲಿ ಇದಕ್ಕಿಂತ ಸಂತೋಷದ ದೃಶ್ಯ ಬೇರೆ ಇಲ್ಲ. ಆದರೆ ಈ ಕಾಯಿಲೆಯವರಿಗೆ ಏಟ್ರಿಯಲ್ ಫಿಬ್ರಿಲೇಷನ್ ಬಂದರೆ ಅಗಲವಾದ, ಅಡ್ಡಾದಿಡ್ಡಿ, ಅತಿವೇಗದ ಬಡಿತವಾಗುತ್ತದೆ. ಅದನ್ನು ಸಾಮಾನ್ಯ ಎಸ್‌ವಿಟಿ ಎಂದು ಭಾವಿಸಿ ವೆರಪಮಿಲ್, ಡಿಲ್ಟಿಯಾಜೆಮ್ ಅಥವಾ ಡಿಗಾಕ್ಸಿನ್ ಕೊಟ್ಟರೆ ಹೃದಯ ಸ್ತಂಭನಕ್ಕೆ ದಾರಿ. ಅಲ್ಲಿ ಬೇಕಾದ್ದು ಶಾಕ್. ಡೆಲ್ಟಾ ಅಲೆ ಇರುವ ಇಸಿಜಿಯ ಫೋಟೋ ಪರ್ಸಿನಲ್ಲೂ ಇರಲಿ ಎನ್ನುವುದು ಇದಕ್ಕೇ.

ಏಟ್ರಿಯಲ್ ಫ್ಲಟರ್ ಎಂದರೆ ಹೃತ್ಕರ್ಣದಲ್ಲಿ ವಿದ್ಯುತ್ ಒಂದೇ ದೊಡ್ಡ ಸುತ್ತಿನಲ್ಲಿ ತಿರುಗುವುದು. ಅದರ ಮಾಮೂಲಿ ಬಗೆ ನೇರ ಲೆಕ್ಕದ್ದು. ತ್ರಿದಳ ಕವಾಟದಿಂದ ಕೆಳ ಮಹಾಭಿಧಮನಿವರೆಗೆ ಒಂದು ಗೆರೆ ಎಳೆದು, ಎರಡೂ ದಿಕ್ಕಿನಿಂದ ವಿದ್ಯುತ್ ದಾಟುತ್ತಿಲ್ಲವೆಂದು ಖಚಿತಪಡಿಸಿಕೊಂಡರೆ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅದು ಮರಳುವುದಿಲ್ಲ. ಅವರಲ್ಲಿ ಹಲವರಿಗೆ ಮುಂದೆ ಫಿಬ್ರಿಲೇಷನ್ ಬರುತ್ತದೆ, ಅದು ಬೇರೆ ಮಾತು.

ಫಿಬ್ರಿಲೇಷನ್‌ನಲ್ಲಿ ಎಲ್ಲವೂ ಬೇರೆಯೇ. ಇಲ್ಲಿ ಸುತ್ತುವ ಒಂದು ದಾರಿಯಿಲ್ಲ. ಫ್ರಾನ್ಸಿನ ಬೋರ್ಡೋದ ಮಿಷೆಲ್ ಐಸಾಗೇರ್ ತಂಡ 1998ರಲ್ಲಿ 45 ರೋಗಿಗಳಲ್ಲಿ ಕಿಡಿ ಏಳುವ 69 ಜಾಗ ಗುರುತಿಸಿತು. 65 ಸಿಕ್ಕಿದ್ದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳೊಳಗೆ. ಅಂದಿನಿಂದ ಚಿಕಿತ್ಸೆಯ ತಿರುಳು ಒಂದೇ: ಆ ನಾಲ್ಕು ಅಭಿಧಮನಿಗಳ ಬಾಯಿಯ ಸುತ್ತ ಸುಟ್ಟ ಗೋಡೆ ಕಟ್ಟಿ, ಒಳಗಿನ ಕಿಡಿ ಹೊರಗೆ ಬಾರದಂತೆ ಮಾಡುವುದು. ಅಲ್ಲಿಗೆ ಹೋಗಲು ಎರಡು ಹೃತ್ಕರ್ಣಗಳ ನಡುವಿನ ತೆಳು ಪರದೆಯನ್ನು ಸೂಜಿಯಿಂದ ಚುಚ್ಚಬೇಕು. ಎಡಭಾಗದಲ್ಲಿ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಟ್ಟು, ಹೆಪ್ಪುಗಟ್ಟುವ ಸಮಯ ಎಸಿಟಿ 300 ಸೆಕೆಂಡಿಗೆ ಮೇಲೆ ಇರುವಂತೆ ಮತ್ತೆ ಮತ್ತೆ ಅಳೆಯಬೇಕು. ಬಿಂದುಬಿಂದುವಾಗಿ ಸುಡುವಾಗ ನಡುವೆ ಒಂದೇ ಒಂದು ಸಂದು ಉಳಿದರೂ ಗೋಡೆ ವ್ಯರ್ಥ. ಊತದಿಂದ ಅಂದು ಮುಚ್ಚಿದಂತೆ ಕಂಡ ಸಂದು ತಿಂಗಳ ಮೇಲೆ ಮತ್ತೆ ತೆರೆದುಕೊಳ್ಳುತ್ತದೆ. ಎರಡನೇ ಸಲ ಒಳಹೊಕ್ಕವರು ಹೆಚ್ಚಾಗಿ ಕಾಣುವುದು ಇದನ್ನೇ.

ಸಂದು ಉಳಿಯದಿರಲಿ ಎಂದು ಬಂದದ್ದು ಕ್ರಯೋ ಬಲೂನ್. 28 ಮಿ.ಮೀ.ನ ಬಲೂನನ್ನು ಅಭಿಧಮನಿಯ ಬಾಯಿಗೆ ಒತ್ತಿ, ನೈಟ್ರಸ್ ಆಕ್ಸೈಡ್ ಬಿಟ್ಟು ಮೂರು ನಾಲ್ಕು ನಿಮಿಷ ಹೆಪ್ಪುಗಟ್ಟಿಸುತ್ತಾರೆ. ಬಲಗಡೆಯ ಅಭಿಧಮನಿಗಳ ಪಕ್ಕದಲ್ಲೇ ವಪೆಯ ನರ ಹಾದುಹೋಗುವುದರಿಂದ, ಆ ನರವನ್ನು ಮೇಲಿನಿಂದ ಪ್ರಚೋದಿಸುತ್ತ ಒಬ್ಬರು ರೋಗಿಯ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ಕೂತಿರುತ್ತಾರೆ. ವಪೆಯ ಕುಪ್ಪಳಿಕೆ ಕೈಗೆ ಮೆತ್ತಗಾದ ಕ್ಷಣವೇ ನಿಲ್ಲಿಸಬೇಕು. ಈಚಿನದು ಪಲ್ಸ್ಡ್ ಫೀಲ್ಡ್. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರ ಕೊನೆಯಲ್ಲಿ. ಸಾವಿರಾರು ವೋಲ್ಟ್‌ನ ಅತಿ ಕಿರು ಮಿಡಿತಗಳು ಹೃದಯದ ಸ್ನಾಯುಕೋಶಗಳ ಪೊರೆಯನ್ನು ತೂತು ಮಾಡುತ್ತವೆ, ಅನ್ನನಾಳ ಮತ್ತು ನರಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಕೆಲಸವೂ ಬೇಗ ಮುಗಿಯುತ್ತದೆ. ಅಪಾಯವೇ ಇಲ್ಲವೆಂದು ಜಾಹೀರಾತಿನ ಧಾಟಿಯಲ್ಲಿ ಹೇಳುವವರನ್ನು ನಂಬಬೇಡಿ. ಮಿಡಿತಗಳು ಹೆಚ್ಚಾದರೆ ಕೆಂಪು ರಕ್ತಕಣಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಹತ್ತಿರದ ಕರೋನರಿ ನಾಳ ಸೆಟೆದುಕೊಳ್ಳಬಹುದು.

ಫಲಿತಾಂಶದ ಲೆಕ್ಕ ನೇರವಾಗಿ ಹೇಳುವುದಾದರೆ, ಬಂದು ಹೋಗುವ ಬಗೆಯ ಫಿಬ್ರಿಲೇಷನ್‌ನಲ್ಲಿ ಒಂದು ಸಲದ ಅಬ್ಲೇಷನ್ ನಂತರ ಒಂದು ವರ್ಷ ತಾಳ ಕೆಡದೆ ಇರುವವರು ನೂರಕ್ಕೆ ಸುಮಾರು 70. ತಿಂಗಳುಗಟ್ಟಲೆ ಬಿಡದೆ ಇರುವ ಬಗೆಯಲ್ಲಿ ಅದು 50-60ಕ್ಕೆ ಇಳಿಯುತ್ತದೆ. 2,204 ರೋಗಿಗಳ ಕಬಾನಾ ಅಧ್ಯಯನ 2019ರಲ್ಲಿ ಬಂದಾಗ, ಸಾವು, ಲಕ್ವ, ದೊಡ್ಡ ರಕ್ತಸ್ರಾವ, ಹೃದಯ ಸ್ತಂಭನ ಇವೆಲ್ಲ ಸೇರಿದ ಒಟ್ಟು ಲೆಕ್ಕದಲ್ಲಿ ಅಬ್ಲೇಷನ್ ಮಾತ್ರೆಗಿಂತ ಮೇಲು ಎಂದು ಸಾಬೀತಾಗಲಿಲ್ಲ. ಜೀವನದ ಗುಣಮಟ್ಟ ಮಾತ್ರ ನಿಚ್ಚಳವಾಗಿ ಸುಧಾರಿಸಿತು. ಹೃದಯದ ಪಂಪಿಂಗ್ ಕುಗ್ಗಿದವರ ಕಥೆ ಬೇರೆ: 2018ರ ಕ್ಯಾಸಲ್-ಎಎಫ್ ಅಧ್ಯಯನದಲ್ಲಿ ಅಂಥವರಿಗೆ ಅಬ್ಲೇಷನ್‌ನಿಂದ ಸಾವೂ ಆಸ್ಪತ್ರೆ ವಾಸವೂ ಕಡಿಮೆಯಾದವು. ಲಕ್ಷಣವೇ ಇಲ್ಲದ, ಪಂಪಿಂಗ್ ಚೆನ್ನಾಗಿರುವ 75ರ ಅಜ್ಜನನ್ನು ಅಬ್ಲೇಷನ್‌ಗೆ ಅವಸರಿಸುವುದು ನನಗೆ ಸರಿ ಕಾಣುವುದಿಲ್ಲ. ಪಂಪಿಂಗ್‌ನ ಅಳತೆಯಾದ ಇಜೆಕ್ಷನ್ ಫ್ರಾಕ್ಷನ್ 30ಕ್ಕೆ ಇಳಿದಿರುವ 55ರವರನ್ನು ವರ್ಷಾನುಗಟ್ಟಲೆ ಬರೀ ಅಮಿಯೋಡರೋನ್ ಮಾತ್ರೆಯ ಮೇಲೆ ಇಡುವುದೂ ಸರಿ ಕಾಣುವುದಿಲ್ಲ. ಮತ್ತೆ, ತೂಕ, ಬಿಪಿ, ಗೊರಕೆಯ ಸ್ಲೀಪ್ ಅಪ್ನಿಯಾ, ಮದ್ಯ ಇವನ್ನು ಹಾಗೇ ಬಿಟ್ಟು ಸುಟ್ಟರೆ ಕೆಟ್ಟ ತಾಳ ಮರಳಿ ಬರುವ ಸಾಧ್ಯತೆ ಹೆಚ್ಚು. ದೇಹತೂಕದ ಶೇ 10 ಇಳಿಸಿ ಹಾಗೇ ಉಳಿಸಿಕೊಂಡವರಲ್ಲಿ ಫಿಬ್ರಿಲೇಷನ್ ಎಷ್ಟು ತಗ್ಗುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಅಡಿಲೇಡ್‌ನ ವೈದ್ಯರು 2015ರಲ್ಲೇ ತೋರಿಸಿದ್ದಾರೆ.

ರಕ್ತ ತೆಳುವಾಗಿಸುವ ಮಾತ್ರೆಯ ವಿಷಯದಲ್ಲಿ ನೆಂಟರಿಷ್ಟರ ಸಲಹೆ ಹೆಚ್ಚು ಹಾನಿ ಮಾಡುತ್ತದೆ. "ಆಪರೇಷನ್ ಅಲ್ವಾ, ನಿಲ್ಲಿಸಿಬಿಡಿ" ಎನ್ನುತ್ತಾರೆ. ಫಿಬ್ರಿಲೇಷನ್ ಅಬ್ಲೇಷನ್‌ಗೆ ಅದನ್ನು ಸಾಮಾನ್ಯವಾಗಿ ನಿಲ್ಲಿಸುವುದೇ ಇಲ್ಲ, ಹೆಚ್ಚೆಂದರೆ ಅಂದು ಬೆಳಗಿನ ಒಂದು ಡೋಸ್ ಬಿಡಿಸಬಹುದು. ಆದಮೇಲೆ ಕನಿಷ್ಠ ಎರಡು ಮೂರು ತಿಂಗಳು ಎಲ್ಲರಿಗೂ ಬೇಕು. ಅದರಾಚೆಗೆ ನಿರ್ಧಾರ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದಿನ ಲಕ್ವ ಸೇರಿದ ಅಂಕಗಳ ಮೇಲೆ. ಈಗ ತಾಳ ಸರಿಯಿದೆ ಎಂಬುದರ ಮೇಲಲ್ಲ. ನಮ್ಮಲ್ಲಿ ಇನ್ನೂ ಕಾಣುವ ಇನ್ನೊಂದು ಗುಂಪಿದೆ: ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಫಿಬ್ರಿಲೇಷನ್ ಬಂದವರು. ಅವರಿಗೆ ಮೊದಲು ಕವಾಟದ ಚಿಕಿತ್ಸೆ, ಮಾತ್ರೆ ಹಳೆಯ ಅಸಿಟ್ರಾಮ್ ಅಥವಾ ವಾರ್ಫರಿನ್, ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ 2ರಿಂದ 3. ಪರೀಕ್ಷೆಯ ರಗಳೆಯಿಲ್ಲದ ಹೊಸ ಮಾತ್ರೆ ಸಾಲದೇ ಎಂದು ಕೇಳಿದರೆ, ಭಾರತವೂ ಪಾಲ್ಗೊಂಡಿದ್ದ 2022ರ ಇನ್‌ವಿಕ್ಟಸ್ ಅಧ್ಯಯನ ಉತ್ತರ ಕೊಟ್ಟಿದೆ: ಹೊಸ ಮಾತ್ರೆ ರಿವರಾಕ್ಸಬಾನ್ ತೆಗೆದುಕೊಂಡವರಲ್ಲೇ ಸಾವು ಹೆಚ್ಚಿತ್ತು.

ಅಪಾಯಗಳಲ್ಲಿ ಹೆಚ್ಚಿನವು ಆಸ್ಪತ್ರೆಯಲ್ಲಿದ್ದಾಗಲೇ ಗೊತ್ತಾಗುತ್ತವೆ. ಹೃದಯದ ಗೋಡೆಯಲ್ಲಿ ತೂತಾಗಿ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿಕೊಳ್ಳುವುದು ಫಿಬ್ರಿಲೇಷನ್ ಅಬ್ಲೇಷನ್‌ನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ. ಬಿಪಿ ಕುಸಿಯುತ್ತದೆ, ಎಕೋ ನೋಡುತ್ತಾರೆ, ಎದೆಮೂಳೆಯ ಕೆಳಗೆ ಸೂಜಿ ಹಾಕಿ ರಕ್ತ ತೆಗೆಯುತ್ತಾರೆ, ಹೆಚ್ಚಿನವರು ಅಷ್ಟರಲ್ಲೇ ಪಾರಾಗುತ್ತಾರೆ. ತೊಡೆಯಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗುವುದು ಸಾಮಾನ್ಯ. ಆ ಗಡ್ಡೆ ದೊಡ್ಡದಾಗುತ್ತಿದ್ದರೆ, ಮಿಡಿಯುತ್ತಿದ್ದರೆ ಡಾಪ್ಲರ್ ಆಗಬೇಕು. ಮನೆಗೆ ಬಂದ ಮೇಲೆ ಒಂದು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವುದು ಬೇಡ. ಮೊದಲ ಎರಡು ಮೂರು ದಿನ ಕುಕ್ಕರಗಾಲಿನ ಶೌಚವೂ ಬೈಕಿನ ಕಿಕ್ಕರ್ ಒದೆಯುವುದೂ ಬೇಡ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಮಾತ್ರೆ ನುಂಗುವವರು ಅದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಉಪವಾಸದ ಜೊತೆ ಅದು ಸೇರಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಬಹುದು.

ಆದರೆ ಒಂದು ಅಪಾಯ ರೋಗಿ ಊರಿಗೆ ಮರಳಿದ ಮೇಲೆ ಬರುತ್ತದೆ. ಎಡ ಹೃತ್ಕರ್ಣದ ಹಿಂಗೋಡೆಗೆ ಅಂಟಿಕೊಂಡೇ ಅನ್ನನಾಳ ಇದೆ. ಅಲ್ಲಿ ಶಾಖ ಆಳಕ್ಕೆ ಹೋದರೆ ವಾರಗಳ ಮೇಲೆ ಎರಡರ ನಡುವೆ ತೂತು ಬೀಳಬಹುದು. ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ, ಆದರೆ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ಅಬ್ಲೇಷನ್ ಆದ ರೋಗಿ ಮೂರನೇ ವಾರ ಬಳ್ಳಾರಿಯಲ್ಲೋ ಚಿಕ್ಕಮಗಳೂರಿನಲ್ಲೋ ಚಳಿಜ್ವರ, ಎದೆನೋವು, ನುಂಗುವಾಗ ನೋವು ಎಂದು ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾರೆ. ಟೈಫಾಯ್ಡ್ ಪರೀಕ್ಷೆ, ಆ್ಯಂಟಿಬಯಾಟಿಕ್, ಹೊಟ್ಟೆಯ ತೊಂದರೆ ಇರಬೇಕೆಂದು ಎಂಡೋಸ್ಕೋಪಿ. ಆ ಎಂಡೋಸ್ಕೋಪಿಯೇ ಪ್ರಾಣಕ್ಕೆ ಎರವಾಗುತ್ತದೆ: ಅನ್ನನಾಳ ಹಿಗ್ಗಿಸಲು ಊದುವ ಗಾಳಿ ತೂತಿನಿಂದ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಅಬ್ಲೇಷನ್ ಆದ ಎರಡು ತಿಂಗಳೊಳಗೆ ಜ್ವರದ ಜೊತೆ ಎದೆನೋವು, ನುಂಗುವ ತೊಂದರೆ ಅಥವಾ ಕೈಕಾಲು ಸೋಲು ಕಂಡರೆ ಆಗಬೇಕಾದ್ದು ಕಾಂಟ್ರಾಸ್ಟ್ ಹಾಕಿದ ಎದೆಯ ಸಿಟಿ ಸ್ಕ್ಯಾನ್. ಜೊತೆಗೆ ಬಾಯಿಗೆ ಏನೂ ಕೊಡದೆ, ಅಬ್ಲೇಷನ್ ಮಾಡಿದ ತಂಡಕ್ಕೆ ಅಂದೇ ಫೋನ್. ಡಿಸ್ಚಾರ್ಜ್ ಕಾಗದದಲ್ಲಿ ಈ ಎಚ್ಚರಿಕೆ ಇಲ್ಲದಿದ್ದರೆ ಕನ್ನಡದಲ್ಲೇ ಕೈಯಿಂದ ಬರೆಸಿಕೊಳ್ಳಿ, ಪಕ್ಕದಲ್ಲಿ ಫೋನ್ ನಂಬರ್ ಸಮೇತ.

ಫಿಬ್ರಿಲೇಷನ್ ಅಬ್ಲೇಷನ್ ಆದ ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ಮತ್ತೆ ಕೆಟ್ಟರೆ ಅಬ್ಲೇಷನ್ ಸೋತಿತೆಂದು ತೀರ್ಮಾನಿಸುವುದಿಲ್ಲ. ಸುಟ್ಟ ಜಾಗದ ಊತ ಇಳಿಯಲು ಅಷ್ಟು ಕಾಲ ಬೇಕು. ಎಸ್‌ವಿಟಿಯಲ್ಲಿ ಈ ರಿಯಾಯಿತಿ ಇಲ್ಲ, ಅದೇ ಬಡಿತ ಬಂದರೆ ಮರುಕಳಿಸಿದೆ ಎಂದೇ ಅರ್ಥ, ಮತ್ತೆ ಇಸಿಜಿ ಹಿಡಿಯಬೇಕು. ಬರಿದೇ ಒಂದೊಂದು ಬಡಿತ ತಪ್ಪಿದಂತಾಗುವುದಕ್ಕೆ ಹೆದರಬೇಕಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಎಸ್‌ವಿಟಿಗೆ ಹೆಚ್ಚಿನ ಕಡೆ ಎಕ್ಸ್‌ರೇ ಆಧರಿಸಿದ ಮಾಮೂಲಿ ವಿಧಾನವೇ ಸಾಕು. ಕಂಪ್ಯೂಟರ್‌ನಲ್ಲಿ ಹೃದಯದ ಒಳನಕ್ಷೆ ಬಿಡಿಸುವ 3ಡಿ ಮ್ಯಾಪಿಂಗ್ ಬಂದರೆ ಬಿಲ್ಲು ಜಿಗಿಯುತ್ತದೆ. ಗರ್ಭಿಣಿಗೆ, ಮಕ್ಕಳಿಗೆ, ಎರಡನೇ ಸಲದ ಕೇಸಿಗೆ, ಎಡ ಹೃತ್ಕರ್ಣಕ್ಕೆ ಅದು ಬೇಕು. ಸೀದಾ ಎವಿಎನ್‌ಆರ್‌ಟಿಗೆ ಏಕೆ ಬೇಕೆಂದು ಕೇಳಿದರೆ ತಪ್ಪಿಲ್ಲ. ಇಪಿ ಸ್ಟಡಿ (ಕ್ಯಾಥೆಟರ್ ಏರಿಸಿ ಬಡಿತ ಎಬ್ಬಿಸಿ ನೋಡುವ ಪರೀಕ್ಷೆ) ಮತ್ತು ಅಬ್ಲೇಷನ್ ಆಯುಷ್ಮಾನ್ ಭಾರತ್ ಪ್ಯಾಕೇಜುಗಳ ಪಟ್ಟಿಯಲ್ಲಿವೆ. ಯಾವುದು ಸೇರಿದೆ, ಯಾವ ಕ್ಯಾಥೆಟರ್‌ಗೆ ಕೈಯಿಂದ ಕಟ್ಟಬೇಕು ಎಂಬುದನ್ನು ದಾಖಲಾಗುವ ಮೊದಲೇ ಆರೋಗ್ಯಮಿತ್ರರ ಹತ್ತಿರ ಬರಹದಲ್ಲಿ ಪಡೆಯಿರಿ. ಜಯದೇವದಂಥ ಸರ್ಕಾರಿ ಸಂಸ್ಥೆಯಲ್ಲಿ ಸರದಿ ಉದ್ದ, ಆದರೆ ಎಸ್‌ವಿಟಿ ಸಾಮಾನ್ಯವಾಗಿ ಕಾಯಬಲ್ಲ ಕಾಯಿಲೆ. ಡಬ್ಲ್ಯುಪಿಡಬ್ಲ್ಯು ಇದ್ದು ಒಮ್ಮೆ ಪ್ರಜ್ಞೆ ತಪ್ಪಿದವರು ಮಾತ್ರ ಕಾಯಬಾರದು, ಅವರು ಸರದಿಯಲ್ಲಿ ಮುಂದೆ ಹೋಗಬೇಕು.

ಡಿಸ್ಚಾರ್ಜ್ ಆಗುವಾಗ "ಆರ್‌ಎಫ್‌ಎ (ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್) ಯಶಸ್ವಿ" ಎಂಬ ಒಂದು ಸಾಲಿಗೆ ತೃಪ್ತರಾಗಬೇಡಿ. ಯಾವ ತಾಳ ಎದ್ದಿತು, ಎಲ್ಲಿ ಸುಟ್ಟರು, ಎಷ್ಟು ವ್ಯಾಟ್, ಎಷ್ಟು ಸಲ, ಕೊನೆಯಲ್ಲಿ ಐಸೋಪ್ರಿನಾಲಿನ್ ಕೊಟ್ಟು ಮತ್ತೆ ಎಬ್ಬಿಸಲು ನೋಡಿದರೇ, ಜಿಗಿತ ಅಥವಾ ಒಂಟಿ ಪ್ರತಿಧ್ವನಿ ಬಡಿತ ಉಳಿದಿದೆಯೇ, ಹಿಸ್‌ನಿಂದ ಹೃತ್ಕುಕ್ಷಿಗೆ ಅಂತರ ಮೊದಲೆಷ್ಟಿತ್ತು, ಆಮೇಲೆಷ್ಟು, ಇಷ್ಟೂ ಬರಹದಲ್ಲಿ ಇರಬೇಕು. ಎರಡನೇ ಸಲ ಬೇರೆ ಊರಿನಲ್ಲಿ, ಬೇರೆ ವೈದ್ಯರ ಮುಂದೆ ಮಲಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಈ ಹಾಳೆಯನ್ನು, ಜೊತೆಗೆ ಬಡಿತ ಎದ್ದಾಗ ತೆಗೆದ ಆ ಇಸಿಜಿಯನ್ನು.